ಕರ್ತೃ ಸಿಗದ ಕ್ರಿಯಾಪದ: ‘ಡಿಪೋಸ್’ ನಡೆದು ಬಂದ ದಾರಿ

ಮನೆಯ ಖಾತೆ ಬದಲಾವಣೆಗೆಂದು ಈಚೆಗೆ ನಾನೊಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ಕೋರ್ಟಿನ ಎದುರು ಕೂತಿದ್ದ ಟೈಪಿಸ್ಟ್ ನನ್ನ ಹೆಸರು, ತಂದೆಯ ಹೆಸರು, ವಯಸ್ಸು ಎಲ್ಲವನ್ನೂ ಕುಟ್ಟಿ, ಹಾಳೆಯ ಬಲ ಕೆಳಮೂಲೆಯಲ್ಲಿ ‘ಡಿಪೋನೆಂಟ್’, ಅಂದರೆ ಪ್ರಮಾಣ ಮಾಡಿ ಹೇಳುವವನು, ಎಂದು ಹೊಡೆದು, “ಇದರ ಮೇಲೆ ಸಹಿ ಹಾಕಿ ಸಾರ್” ಎಂದ. ಹಾಕಿದೆ. ಅಲ್ಲಿಂದ ಬ್ಯಾಂಕಿಗೆ ಹೋಗಿ ‘ಡಿಪಾಸಿಟ್’ ಚಲನ್ ಬರೆದೆ. ಮನೆಗೆ ಬಂದು ಇಂಗ್ಲಿಷ್ ಪತ್ರಿಕೆ ಬಿಡಿಸಿದರೆ ಯಾವುದೋ ದೇಶದ ‘ಡಿಪೋಸ್ಡ್’ ಅಧ್ಯಕ್ಷರ ಫೋಟೊ. ಬೆಳಗಿನಿಂದ ಸಂಜೆಯವರೆಗೆ ಒಂದೇ ಮನೆತನದ ಮೂವರನ್ನು ಭೇಟಿಯಾಗಿದ್ದೆ. ಸಹಿ ಹಾಕಿದ ನಾನು, ಬ್ಯಾಂಕಿಗೆ ಕಟ್ಟಿದ ಹಣ, ಗದ್ದುಗೆ ಕಳೆದುಕೊಂಡ ಆ ಮನುಷ್ಯ. ಈ ಮೂವರ ನೆಂಟಸ್ತನ ಎಲ್ಲಿಂದ ಬಂತು ಎಂದು ಹುಡುಕಲು ಹೊರಟದ್ದೇ ಇವತ್ತಿನ ಮಾತಿಗೆ ಕಾರಣ.

ಲ್ಯಾಟಿನಿನಲ್ಲಿ ‘ಪೋನೆರೆ’ ಎಂದರೆ ಇಡು. ‘ಡೆ’ ಎಂದರೆ ಕೆಳಕ್ಕೆ ಅಥವಾ ಆಚೆಗೆ. ‘ಡೆಪೋನೆರೆ’ ಎಂದರೆ ಕೆಳಗಿಡು, ಅಷ್ಟೆ. ತಲೆಯ ಮೇಲಿನ ಹೊರೆಯನ್ನೂ ಕೆಳಗಿಡಬಹುದು, ಕೈಯ ಕತ್ತಿಯನ್ನೂ ಕೆಳಗಿಡಬಹುದು. ಸಾಕ್ಷಿ ಹೇಳುವವನು ತಾನು ಕಂಡದ್ದನ್ನು ನ್ಯಾಯಾಧೀಶರ ಮುಂದೆ ಇಡುತ್ತಾನೆ. ಕನ್ನಡದಲ್ಲೂ ವಿಷಯವನ್ನು ‘ಮುಂದಿಡುವುದು’ ಎಂದೇ ಹೇಳುತ್ತೇವೆ. ಹಣವನ್ನು ಒಬ್ಬರ ಬಳಿ ಇಟ್ಟರೆ ಅದು ಇಡುಗಂಟು. ಮರಾಠಿಯಿಂದ ಬಂದ ನಮ್ಮ ‘ಠೇವಣಿ’ಯ ಒಳಗೂ ಕೂತಿರುವುದು ‘ಇಡು’ ಎಂಬ ಅರ್ಥದ ಧಾತುವೇ. ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸುವ ಚಿತ್ರಗಳನ್ನು ಯೂರೋಪಿನ ಚರ್ಚುಗಳಲ್ಲಿ ನೋಡಿದವರಿಗೆ ಗೊತ್ತಿರುತ್ತದೆ, ಅವುಗಳನ್ನು ಕರೆಯುವುದೂ ‘ಡಿಪೊಸಿಷನ್’ ಎಂದೇ. ಹೊರೆ, ಮಾತು, ಹಣ, ದೇಹ ಇವನ್ನೆಲ್ಲ ಕೆಳಗಿಡಬಹುದಾದರೆ ಅರಸನನ್ನು ಯಾಕೆ ಇಡಬಾರದು?

ಇಷ್ಟು ಸಲೀಸಾಗಿದ್ದರೆ ನಾನು ಇಲ್ಲಿಗೇ ನಿಲ್ಲಿಸಿ ಕಾಫಿ ಕುಡಿಯಲು ಹೋಗಬಹುದಿತ್ತು. ಇಂಗ್ಲಿಷಿನ ‘ಡಿಪೋಸ್’ ನೇರವಾಗಿ ‘ಪೋನೆರೆ’ಯ ಮಗುವಲ್ಲ. ಅದು ಸುಮಾರು 1300ರ ಹೊತ್ತಿಗೆ ಹಳೆಯ ಫ್ರೆಂಚಿನಿಂದ ಬಂದದ್ದು. ಆ ಫ್ರೆಂಚ್ ‘ಪೊಸೆ’ ಹುಟ್ಟಿದ್ದು ಬೇರೊಂದು ಲ್ಯಾಟಿನ್ ಕ್ರಿಯಾಪದದಿಂದ, ‘ಪೌಸಾರೆ’ಯಿಂದ. ಅದರ ಅರ್ಥ ನಿಲ್ಲು, ದಣಿವಾರಿಸಿಕೊ. ಅದಕ್ಕೂ ಹಿಂದೆ ಗ್ರೀಕ್ ಮೂಲವಿದೆ; ಇಂಗ್ಲಿಷಿನ ‘ಪಾಸ್’, ಅಂದರೆ ಮಾತಿನ ನಡುವಿನ ತಡೆ, ಅಲ್ಲಿಂದಲೇ ಬಂದದ್ದು. ಇತ್ತ ‘ಪೋನೆರೆ’ಯ ಕೃದಂತ ರೂಪ ‘ಪೊಸಿಟುಸ್’. ಒಂದು ಪೌಸ್, ಇನ್ನೊಂದು ಪೊಸ್. ಕಿವಿಗೆ ಎರಡೂ ಹತ್ತಿರ. ಜನ ಬೆರೆಸಿಬಿಟ್ಟರು. ‘ದಣಿವಾರಿಸಿಕೊ’ ಎಂಬ ಪದ ನಿಧಾನಕ್ಕೆ ‘ಇಡು’ ಎಂಬ ಪದದ ಮನೆಗೆ ದತ್ತು ಹೋಗಿ, ಅಲ್ಲಿಯ ಆಸ್ತಿಯನ್ನೆಲ್ಲ ತನ್ನದಾಗಿಸಿಕೊಂಡಿತು. ಹೀಗಾಗಿ ‘ಡಿಪೊಸಿಷನ್’ ಎಂಬ ನಾಮಪದ ಔರಸ, ‘ಡಿಪೋಸ್’ ಎಂಬ ಕ್ರಿಯಾಪದ ದತ್ತಕ. ದತ್ತಕನೇ ಮನೆಯ ಹೆಸರು ನಡೆಸಿದ್ದು ರಾಜಮನೆತನಗಳ ಕಥೆ ಓದಿದವರಿಗೆ ಹೊಸದೇನಲ್ಲ.

ಈ ಪದ ಬರುವ ಮೊದಲು ಇಂಗ್ಲೆಂಡಿನಲ್ಲಿ ರಾಜರನ್ನು ಇಳಿಸುತ್ತಿರಲಿಲ್ಲವೆ? ಇಳಿಸುತ್ತಿದ್ದರು. 757ರಲ್ಲಿ ವೆಸೆಕ್ಸಿನ ದೊರೆ ಸಿಗೆಬರ್ಟನನ್ನು ಇಳಿಸಿದ ಸಂಗತಿ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದಲ್ಲಿದೆ. ಅಲ್ಲಿಯ ಕ್ರಿಯಾಪದ ‘ಬೆನಾಮ್’, ಅಂದರೆ ಕಿತ್ತುಕೊಂಡ. ಕಿನೆವುಲ್ಫ್ ಎಂಬವನೂ ನಾಡಿನ ಹಿರಿಯರೂ ಸೇರಿ, ಅವನು ಮಾಡಿದ ಅನ್ಯಾಯಗಳಿಗಾಗಿ, ಅವನಿಂದ ರಾಜ್ಯವನ್ನು ಕಿತ್ತುಕೊಂಡರು. ಹ್ಯಾಂಪ್‌ಶೈರ್ ಒಂದನ್ನು ಮಾತ್ರ ಬಿಟ್ಟುಕೊಟ್ಟರು. ಅವನು ಅಲ್ಲೂ ಸುಮ್ಮನಿರಲಿಲ್ಲ. ಕೊನೆಯವರೆಗೆ ಜೊತೆಗಿದ್ದ ಸರದಾರನನ್ನೇ ಕೊಂದು, ಕಾಡಿಗೆ ಅಟ್ಟಿಸಿಕೊಂಡು, ಒಂದು ಹಳ್ಳದ ಬಳಿ ಹಂದಿ ಕಾಯುವವನೊಬ್ಬನ ಇರಿತಕ್ಕೆ ಸಿಕ್ಕಿ ಸತ್ತ.

ಈ ವಾಕ್ಯದ ವ್ಯಾಕರಣವನ್ನು ದಯವಿಟ್ಟು ಗಮನಿಸಿ. ನಾವು ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂದು ಉರು ಹೊಡೆದವರು. ಇಲ್ಲಿ ಕರ್ತೃ ಯಾರೆಂಬುದರಲ್ಲಿ ಅನುಮಾನವೇ ಇಲ್ಲ: ಕಿನೆವುಲ್ಫ್ ಮತ್ತು ಹಿರಿಯರು. ಕಿತ್ತುಕೊಂಡವರು ಕಿತ್ತುಕೊಂಡೆವು ಎಂದೇ ಬರೆಸಿದ್ದಾರೆ. ‘ಡಿಪೋಸ್’ ಬಂದ ಮೇಲೆ ಈ ನೆಮ್ಮದಿ ಹೋಯಿತು. ಯಾಕೆಂದರೆ ಅದು ಕೈಯಿಂದ ಕಿತ್ತುಕೊಳ್ಳುವ ಪದವಲ್ಲ, ಅಧಿಕಾರವಿದ್ದವರು ಇಳಿಸುವ ಪದ. ದೊರೆಗಿಂತ ಮೇಲಿನವನು ಇದ್ದರೆ ತಾನೇ ದೊರೆಯನ್ನು ಕೆಳಗಿಡುವುದು? ಇಂಗ್ಲೆಂಡಿನ ಐದಾರು ನೂರು ವರ್ಷಗಳ ಜಗಳವೆಲ್ಲ ಈ ಕ್ರಿಯಾಪದಕ್ಕೆ ಕರ್ತೃ ಹುಡುಕುವ ಜಗಳ ಎಂದೇ ನನಗನ್ನಿಸುತ್ತದೆ.

ಚರ್ಚಿಗೆ ಈ ಕಷ್ಟ ಇರಲಿಲ್ಲ. ಅಲ್ಲಿ ಪಾದ್ರಿಯ ಮೇಲೆ ಬಿಷಪ್, ಬಿಷಪ್ಪನ ಮೇಲೆ ಪೋಪ್. ತಪ್ಪು ಮಾಡಿದ ಪಾದ್ರಿಯನ್ನು ಪದವಿಯಿಂದ ಇಳಿಸುವ ಶಿಕ್ಷೆಗೆ ಚರ್ಚಿನ ಕಾನೂನಿನಲ್ಲಿ ಇದೇ ಹೆಸರು. ಅದೇ ಲೆಕ್ಕದಲ್ಲಿ ಪೋಪ್ ಏಳನೆಯ ಗ್ರೆಗರಿ 1076ರಲ್ಲಿ ಜರ್ಮನ್ ದೊರೆ ನಾಲ್ಕನೆಯ ಹೆನ್ರಿಯನ್ನು ಇಳಿಸಿದೆ ಎಂದ. 1245ರಲ್ಲಿ ಲಿಯೊನ್ ಸಭೆಯಲ್ಲಿ ಪೋಪ್ ನಾಲ್ಕನೆಯ ಇನೊಸೆಂಟ್ ಚಕ್ರವರ್ತಿ ಎರಡನೆಯ ಫ್ರೆಡರಿಕ್‌ನನ್ನು ಇಳಿಸಿದ. ‘ನಾನು ಇಳಿಸುತ್ತೇನೆ’ ಎಂದು ಉತ್ತಮ ಪುರುಷದಲ್ಲಿ ಹೇಳುವ ಧೈರ್ಯ ಇದ್ದದ್ದು ಅವರಿಗೆ ಮಾತ್ರ.

ಇಂಗ್ಲೆಂಡಿನಲ್ಲಿ 1327ರ ಜನವರಿಯಲ್ಲಿ ಎರಡನೆಯ ಎಡ್ವರ್ಡ್‌ನ ಸರದಿ ಬಂತು. ಕೆನಿಲ್‌ವರ್ತ್ ಕೋಟೆಗೆ ಹೋದ ನಿಯೋಗ, ನೀನಾಗಿ ಬಿಡದಿದ್ದರೆ ನಿನ್ನ ಮಕ್ಕಳಿಗೂ ಗದ್ದುಗೆ ಸಿಗುವುದಿಲ್ಲ ಎಂದು ಹೆದರಿಸಿತು. ಅರಮನೆಯ ಮೇಲ್ವಿಚಾರಕ ತನ್ನ ಅಧಿಕಾರದ ಕೋಲನ್ನು ಮುರಿದುಹಾಕಿದ. ಈ ಮನೆಯ ಸಂಸಾರ ಮುಗಿಯಿತು ಎಂಬುದಕ್ಕೆ ಅದೇ ಗುರುತು. ಆಮೇಲೆ ಹೊರಟ ಘೋಷಣೆಯಲ್ಲಿ ಮಾತ್ರ, ದೊರೆ ತನ್ನ ಸ್ವಂತ ಇಚ್ಛೆಯಿಂದ ಆಡಳಿತದಿಂದ ದೂರ ಸರಿದಿದ್ದಾನೆ ಎಂದು ಸಾರಿದರು. ನಮ್ಮ ಕಡೆ ರಾಜೀನಾಮೆ ‘ಕೊಟ್ಟರು’, ‘ಕೊಡಿಸಿದರು’ ಎಂಬ ಎರಡು ಕ್ರಿಯಾಪದಗಳ ನಡುವೆ ಎಷ್ಟು ದೂರ ಎಂಬುದು ನಿಮಗೆ ಗೊತ್ತೇ ಇದೆ.

1399ಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಎರಡನೆಯ ರಿಚರ್ಡ್‌ನನ್ನು ಲಂಡನ್ ಟವರ್‌ನಲ್ಲಿಟ್ಟು, ಸೆಪ್ಟೆಂಬರ್ 29ರಂದು ಬಿಟ್ಟುಕೊಟ್ಟೆ ಎಂಬ ಪತ್ರ ಪಡೆದರು. ಅಷ್ಟು ಸಾಕಾಗಲಿಲ್ಲ. ಮಾರನೆಯ ದಿನ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ 33 ಆರೋಪಗಳ ಪಟ್ಟಿಯೊಡನೆ ಅವನನ್ನು ಇಳಿಸುವ ತೀರ್ಪನ್ನೂ ಹೊರಡಿಸಿದರು. ಯಾರು ಹೊರಡಿಸಿದರು? ಅದಕ್ಕೆಂದೇ ಒಂದು ಆಯೋಗ ಮಾಡಿಕೊಂಡರು. ತೀರ್ಪಿನ ಮಾತಿಗೆ ಮಾದರಿ ಆಗಲೇ ಹೇಳಿದೆನಲ್ಲ, 1245ರ ಪೋಪನ ಆಜ್ಞೆ. ಪೋಪ್ ಇರಲಿಲ್ಲ, ಪೋಪನ ವಾಕ್ಯ ಇತ್ತು. ಅದೇ ದಿನ ರಿಚರ್ಡ್‌ನ ದಾಯಾದಿ ಬೋಲಿಂಗ್‌ಬ್ರೋಕ್‌ನ ಹೆನ್ರಿ ಎದ್ದು ನಿಂತು ಗದ್ದುಗೆ ತನ್ನದೆಂದು ಕೇಳಿದ್ದು ಇಂಗ್ಲಿಷಿನಲ್ಲಿ. ಲ್ಯಾಟಿನಿನ ಕಡತದ ನಡುವೆ ಆ ಇಂಗ್ಲಿಷ್ ಸಾಲುಗಳು ಇಂದಿಗೂ ಹಾಗೇ ಇವೆ.

ಅಕ್ಟೋಬರ್ 1ರಂದು ನ್ಯಾಯಾಧೀಶ ವಿಲಿಯಂ ಥರ್ನಿಂಗ್ ಟವರ್‌ಗೆ ಹೋಗಿ ರಿಚರ್ಡ್‌ಗೆ ಸುದ್ದಿ ಮುಟ್ಟಿಸಿದ. ನಮ್ಮೆಲ್ಲರ ಪರವಾಗಿ ನಿಮಗೆ ಸಲ್ಲುತ್ತಿದ್ದ ವಿಧೇಯತೆಯನ್ನು ಹಿಂದಕ್ಕೆ ಪಡೆದಿದ್ದೇವೆ ಎಂದ. ರಿಚರ್ಡ್ ಕೂಗಾಡಲಿಲ್ಲ. ಇಷ್ಟೆಲ್ಲ ಆದ ಮೇಲೂ ತನ್ನ ದಾಯಾದಿ ತನಗೆ ಒಳ್ಳೆಯ ಒಡೆಯನಾಗಿ ನಡೆದುಕೊಂಡಾನೆಂದು ನಂಬಿದ್ದೇನೆ ಎಂದನಂತೆ. ನಿನ್ನೆಯವರೆಗೆ ಎಲ್ಲರ ಒಡೆಯನಾಗಿದ್ದವನು ‘ಒಡೆಯ’ ಎಂಬ ಪದವನ್ನು ಇನ್ನೊಬ್ಬನಿಗೆ ಬಳಸಿದ ಆ ಗಳಿಗೆಗೇ ನಿಜವಾಗಿ ಕೆಲಸ ಮುಗಿದದ್ದು. ಆದರೆ ಪಟ್ಟಾಭಿಷೇಕದಲ್ಲಿ ಮೈಗೆ ಹಚ್ಚಿದ ತೈಲದಿಂದ ಬಂದ ಆತ್ಮದ ಗುರುತನ್ನು ಬಿಟ್ಟುಕೊಡಲು ಅವನು ಒಪ್ಪಲಿಲ್ಲ ಎಂದು ಆ ಕಾಲದ ವೃತ್ತಾಂತವೊಂದು ಹೇಳುತ್ತದೆ. ಕಿರೀಟವನ್ನು ಕೆಳಗಿಡಬಹುದು, ಎಣ್ಣೆಯನ್ನು ಹೇಗೆ ಕೆಳಗಿಡುವುದು?

ಇಲ್ಲಿ ಒಂದು ಅಡ್ಡಮಾತು. ನಮ್ಮಲ್ಲಿ ಅರಸುತನವನ್ನು ‘ಕಟ್ಟುತ್ತಿದ್ದರು’. ಪಟ್ಟ ಎಂದರೆ ಹಣೆಗೆ ಕಟ್ಟುವ ಪಟ್ಟಿ. ಅದಕ್ಕೇ ಪಟ್ಟ ಕಟ್ಟಿದರು ಎನ್ನುವುದು. ಕಟ್ಟಿದ್ದನ್ನು ಬಿಚ್ಚಬೇಕು ತಾನೆ? ಆದರೆ ‘ಪಟ್ಟ ಬಿಚ್ಚಿದರು’ ಎಂದು ಯಾರೂ ಹೇಳುವುದಿಲ್ಲ, ಪಟ್ಟದಿಂದ ಇಳಿಸಿದರು ಎನ್ನುತ್ತೇವೆ. ಇನ್ನು ಪತ್ರಿಕೆಗಳ ‘ಪದಚ್ಯುತಿ’ಯಲ್ಲಿ ಇಳಿಸುವವನೂ ಇಲ್ಲ. ಚ್ಯುತ ಎಂದರೆ ಜಾರಿದ, ಬಿದ್ದ. ಎಂದೂ ಜಾರದವನು ಒಬ್ಬನೇ, ಅವನು ಅಚ್ಯುತ. ಅವನ ಹೆಸರಿಟ್ಟುಕೊಂಡ ರಾಯರು ಎಷ್ಟೋ ಜನ ಹುದ್ದೆಯಿಂದ ಜಾರಿದ್ದನ್ನು ನಾನೇ ನೋಡಿದ್ದೇನೆ.

ರಿಚರ್ಡ್‌ನ ಎಣ್ಣೆಗೆ ಮರಳೋಣ. ಇನ್ನೂರು ವರ್ಷಗಳ ಬಳಿಕ ಶೇಕ್ಸ್‌ಪಿಯರ್ ಈ ದೊರೆಯ ಮೇಲೆ ಬರೆದ ನಾಟಕದಲ್ಲಿ ನಮ್ಮ ಕ್ರಿಯಾಪದ ಮೂರು ವೇಷದಲ್ಲಿ ಬರುತ್ತದೆ. ಮೂರನೆಯ ಅಂಕದಲ್ಲಿ ರಿಚರ್ಡ್ ಗರ್ವದಿಂದ ಹೇಳುತ್ತಾನೆ: ಸಮುದ್ರದ ನೀರೆಲ್ಲ ಸುರಿದರೂ ಅಭಿಷಿಕ್ತ ದೊರೆಯ ತೈಲ ತೊಳೆದುಹೋಗದು, ಮನುಷ್ಯರ ಬಾಯುಸಿರು ದೇವರು ಆರಿಸಿದವನನ್ನು ಇಳಿಸಲಾರದು. ಇಲ್ಲಿ ಕರ್ತೃ ಇದ್ದಾನೆ, ‘ಮನುಷ್ಯರ ಉಸಿರು’. ಆದರೆ ವಾಕ್ಯ ನಿಷೇಧಾರ್ಥಕ. ಅದೇ ದೃಶ್ಯದಲ್ಲಿ ಕೆಟ್ಟ ಸುದ್ದಿಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಬನ್ನಿ, ನೆಲದ ಮೇಲೆ ಕೂತು ಸತ್ತ ದೊರೆಗಳ ಕಥೆ ಹೇಳೋಣ, ಕೆಲವರು ಇಳಿಸಲ್ಪಟ್ಟರು, ಕೆಲವರು ಯುದ್ಧದಲ್ಲಿ ಮಡಿದರು ಎನ್ನುತ್ತಾನೆ. ಈಗ ಕರ್ಮಣಿ ಪ್ರಯೋಗ, ಕರ್ತೃ ಮಾಯ. ನಾಲ್ಕನೆಯ ಅಂಕದಲ್ಲಿ ತನ್ನ ಕಣ್ಣೀರಿನಿಂದಲೇ ತೈಲವನ್ನು ತೊಳೆದುಕೊಂಡು, ತನ್ನ ಕೈಯಿಂದಲೇ ಕಿರೀಟ ಕೊಡುತ್ತಾನೆ. ನನ್ನ ವೈಭವವನ್ನು ಇಳಿಸಬಲ್ಲಿರಿ, ನನ್ನ ದುಃಖವನ್ನಲ್ಲ, ಅದಕ್ಕೆ ಇನ್ನೂ ನಾನೇ ದೊರೆ ಎನ್ನುತ್ತಾನೆ. ಒಬ್ಬ ಅರಸನ ಪತನವನ್ನು ಮೂರು ಪ್ರಯೋಗಗಳಲ್ಲಿ ತೋರಿಸಿದ ವೈಯಾಕರಣಿ ಅವನು.

1597ರ ಮೊದಲ ಮುದ್ರಣದಲ್ಲಿ ಈ ಕಿರೀಟ ಕೊಡುವ ದೃಶ್ಯವೇ ಇಲ್ಲ. ಅದು ಅಚ್ಚಾಗಿದ್ದು 1608ರಲ್ಲಿ, ರಾಣಿ ಎಲಿಜಬೆತ್ ತೀರಿಹೋದ ಮೇಲೆ. ನಡುವೆ ನಡೆದದ್ದು ಕೇಳಿ. 1601ರ ಫೆಬ್ರುವರಿಯಲ್ಲಿ ಎಸೆಕ್ಸಿನ ಅರ್ಲ್ ರಾಣಿಯ ವಿರುದ್ಧ ದಂಗೆಗೆ ಸಜ್ಜಾಗುತ್ತಿದ್ದ. ಅವನ ಕಡೆಯವರು ಗ್ಲೋಬ್ ನಾಟಕಶಾಲೆಗೆ ಹೋಗಿ, ಎರಡನೆಯ ರಿಚರ್ಡ್‌ನನ್ನು ಇಳಿಸಿ ಕೊಂದ ಆಟವನ್ನು ಶನಿವಾರ ಆಡಿ ಎಂದರು. ಅದು ಶೇಕ್ಸ್‌ಪಿಯರನದೇ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಆಟ ಹಳತಾಯಿತು, ಜನ ಬರುವುದಿಲ್ಲ ಎಂದು ಕಲಾವಿದರು ಗೊಣಗಿದರು. ಮಾಮೂಲಿಗಿಂತ 40 ಶಿಲಿಂಗ್ ಹೆಚ್ಚು ಕೊಡುತ್ತೇವೆ ಎಂದ ಮೇಲೆ ಒಪ್ಪಿದರು. 7ನೆಯ ತಾರೀಖು ಆಟ, 8ಕ್ಕೆ ದಂಗೆ. ದಂಗೆ ಲಂಡನ್ನಿನ ಬೀದಿಗಳಲ್ಲೇ ಸೋತಿತು. ಮುಂದೆ ವಿಚಾರಣೆಗೆ ಕರೆಸಿದ್ದು ತಂಡದ ಕಲಾವಿದ ಆಗಸ್ಟೀನ್ ಫಿಲಿಪ್ಸ್‌ನನ್ನು. ಅವನು ಪ್ರಮಾಣ ಮಾಡಿ ಇದೆಲ್ಲವನ್ನೂ ಹೇಳಿದ. ಆ 40 ಶಿಲಿಂಗಿನ ಲೆಕ್ಕ ನಮಗೆ ಸಿಕ್ಕಿದ್ದೇ ಅವನ ಹೇಳಿಕೆಯಿಂದ. ದೊರೆಯ ‘ಡಿಪೊಸಿಷನ್’ ಆಡಿದ ಕಲಾವಿದನಿಂದ ‘ಡಿಪೊಸಿಷನ್’ ಪಡೆದರು! ಪದದ ಎರಡು ಕವಲುಗಳು ಒಂದೇ ಹಾಳೆಯಲ್ಲಿ ಕೂಡಿದವು. ತಂಡಕ್ಕೆ ಶಿಕ್ಷೆಯಾಗಲಿಲ್ಲ. ಫೆಬ್ರುವರಿ 24ರಂದು ಅದೇ ತಂಡ ರಾಣಿಯ ಎದುರು ನಾಟಕ ಆಡಿತು. ಮಾರನೆಯ ಬೆಳಿಗ್ಗೆ ಎಸೆಕ್ಸ್‌ನ ತಲೆ ಹೋಯಿತು.

ಈ ಎರಡು ಕವಲುಗಳ ಗೊಂದಲ ಇಂದಿಗೂ ಇದೆ. ಅಮೆರಿಕದ ವಕೀಲರು ಸಾಕ್ಷಿಯ ಹೇಳಿಕೆ ಪಡೆಯುವುದನ್ನೂ ‘ಡಿಪೋಸ್’ ಮಾಡುವುದು ಎನ್ನುತ್ತಾರೆ. 1998ರ ಜನವರಿ 17ರಂದು ಅಧ್ಯಕ್ಷ ಕ್ಲಿಂಟನ್ ಹೀಗೆ ‘ಡಿಪೋಸ್’ ಆದರು. ಆ ವಾಕ್ಯವನ್ನು ಒಬ್ಬ ಮಧ್ಯಯುಗದ ಬಿಷಪ್ಪನ ಕೈಗೆ ಕೊಟ್ಟರೆ, ಮುಂದಿನ ದೊರೆ ಯಾರು ಎಂದು ಕೇಳಿಯಾನು.

ಎಲಿಜಬೆತ್ ಈ ಪದಕ್ಕೆ ಹೆದರಲು ಇನ್ನೊಂದು ಕಾರಣವೂ ಇತ್ತು. 1570ರಲ್ಲಿ ಪೋಪ್ ಐದನೆಯ ಪಯಸ್ ಅವಳಿಗೆ ಗದ್ದುಗೆಯ ಹಕ್ಕಿಲ್ಲವೆಂದು ಶಾಸನ ಹೊರಡಿಸಿದ್ದ. 1606ರ ಹೊತ್ತಿಗೆ ಮೊದಲನೆಯ ಜೇಮ್ಸ್‌ನ ಕಾಲದಲ್ಲಿ, ದೊರೆಯನ್ನು ‘ಡಿಪೋಸ್’ ಮಾಡುವ ಅಧಿಕಾರ ಪೋಪನಿಗಿಲ್ಲ ಎಂದು ಆಣೆ ಮಾಡಿ ಹೇಳುವ ಕಾನೂನೇ ಬಂತು. ಆಣೆ ಮಾಡಿ ಹೇಳುವುದೂ ‘ಡಿಪೋಸ್’ ಎಂದು ನಾನು ಮತ್ತೆ ನೆನಪಿಸಬೇಕಿಲ್ಲ. ಈ ದಶಕಗಳಲ್ಲೇ ಇಂಗ್ಲಿಷಿನಲ್ಲಿ ಹೊಸ ಪದಗಳೂ ಹುಟ್ಟಿದವು: ಸಿಂಹಾಸನದಿಂದ ತೆಗೆ ಎಂಬ ‘ಡಿತ್ರೋನ್’, ಕಿರೀಟ ತೆಗೆ ಎಂಬ ‘ಡಿಸ್‌ಕ್ರೌನ್’. ಶೇಕ್ಸ್‌ಪಿಯರ್ ‘ಅನ್‌ಕಿಂಗ್’ ಎಂದೂ ಬರೆದ. ಅದನ್ನು ‘ಅರಸಳಿಸು’ ಎನ್ನೋಣವೆ? ಇವೆಲ್ಲ ಆಸನದ, ಒಡವೆಯ ಪದಗಳು. ಕಾನೂನಿನ ಭಾರ ಹೊತ್ತದ್ದು ಮಾತ್ರ ಹಳೆಯದೇ.

ಆ ಭಾರ ಎಷ್ಟೆಂದರೆ, 1688–89ರಲ್ಲಿ ನಿಜವಾಗಿ ದೊರೆಯನ್ನು ಓಡಿಸಿದಾಗ ಯಾರೂ ಅದನ್ನು ಮುಟ್ಟಲಿಲ್ಲ. ಎರಡನೆಯ ಜೇಮ್ಸ್ 1688ರ ಡಿಸೆಂಬರ್ 11ರ ನಸುಕಿನಲ್ಲಿ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದು ಹೊರಟ. ದಾರಿಯಲ್ಲಿ ಮೀನುಗಾರರ ಕೈಗೆ ಸಿಕ್ಕಿ ವಾಪಸು ಬಂದ. ಸೇನೆ ತಂದು ಗದ್ದುಗೆಯತ್ತ ಬರುತ್ತಿದ್ದ ಅಳಿಯ ವಿಲಿಯಂಗೆ ಅವನು ಇರುವುದೇ ತಲೆನೋವು. ಮುಂದೆ ರೋಚೆಸ್ಟರ್‌ನಲ್ಲಿ ಜೇಮ್ಸ್ ತಂಗಿದ್ದ ಮನೆಯ ಮುಂಬಾಗಿಲಿಗೆ ಕಾವಲಿತ್ತು, ಹಿಂಬಾಗಿಲಿಗೆ ಇರಲಿಲ್ಲ. ಸುಳಿವು ಸಾಕಾಗಿತ್ತು, ಫ್ರಾನ್ಸಿಗೆ ಹೋದ.

ಈಗ ಈ ಘಟನೆಗೆ ಒಂದು ಕ್ರಿಯಾಪದ ಬೇಕು. ಪಾರ್ಲಿಮೆಂಟಿನ ಕೆಳಮನೆಯವರು 1689ರ ಜನವರಿ 28ರಂದು ಅವನು ‘ಅಬ್ಡಿಕೇಟ್’ ಮಾಡಿದ್ದಾನೆ, ಅಂದರೆ ತಾನಾಗಿ ತ್ಯಜಿಸಿದ್ದಾನೆ, ಗದ್ದುಗೆ ಖಾಲಿ ಇದೆ ಎಂದು ಠರಾವು ಮಾಡಿದರು. ಮೇಲ್ಮನೆಯವರು ಇಲ್ಲ, ‘ಡಿಸರ್ಟ್’ ಎನ್ನಿ, ಬಿಟ್ಟುಹೋದ ಎನ್ನಿ ಎಂದರು. ಬಿಟ್ಟುಹೋದವನು ತಿರುಗಿ ಬರಬಹುದು, ತ್ಯಜಿಸಿದವನು ಬರುವಂತಿಲ್ಲ, ಅದೇ ವ್ಯತ್ಯಾಸ. ವಕೀಲ ಜಾನ್ ಸೋಮರ್ಸ್ ರೋಮನ್ ಕಾನೂನಿನ ನಿಘಂಟುಗಳನ್ನೇ ಆಧಾರವಾಗಿಟ್ಟುಕೊಂಡು, ‘ಅಬ್ಡಿಕೇಟ್’ ಎಂಬುದರ ಅರ್ಥ ಇಷ್ಟಿಷ್ಟು ಎಂದು ವಾದಿಸಿದ. ನಿಘಂಟು ತೆರೆದು ಒಬ್ಬ ದೊರೆಯ ಗತಿ ನಿರ್ಣಯಿಸಿದ ಆ ಮಧ್ಯಾಹ್ನ ಅಲ್ಲಿ ನಾನೂ ಇರಬೇಕಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಕೊನೆಗೆ ಮೇಲ್ಮನೆ ಮಣಿಯಿತು. ಸೇನೆ ತಂದು ಓಡಿಸಿದವರು ಕರ್ತೃವಿನ ಜಾಗ ತೆರವು ಮಾಡಿ, ಓಡಿಹೋದವನನ್ನೇ ಅಲ್ಲಿ ಕೂರಿಸಿದರು. ಸ್ಕಾಟ್‌ಲೆಂಡಿನವರು ಮಾತ್ರ ಹೀಗೆ ಸುತ್ತಿ ಬಳಸಲಿಲ್ಲ; ಏಪ್ರಿಲ್‌ನಲ್ಲಿ ಅವನು ಕಿರೀಟದ ಹಕ್ಕನ್ನು ಕಳೆದುಕೊಂಡಿದ್ದಾನೆ, ಮುಟ್ಟುಗೋಲಾಗಿದೆ ಎಂದರು. ಚುನಾವಣೆಯಲ್ಲಿ ಠೇವಣಿ ಕಳೆದುಕೊಳ್ಳುತ್ತಾರಲ್ಲ, ಆ ಧಾಟಿ.

ಲ್ಯಾಟಿನ್ ವ್ಯಾಕರಣದಲ್ಲಿ ‘ಡಿಪೋನೆಂಟ್’ ಕ್ರಿಯಾಪದಗಳೆಂಬ ಒಂದು ಗುಂಪಿದೆ. ರೂಪ ಕರ್ಮಣಿಯದು, ಅರ್ಥ ಕರ್ತರಿಯದು; ಕರ್ತರಿಯ ರೂಪವನ್ನು ಕೆಳಗಿಟ್ಟುಬಿಟ್ಟಿವೆ ಎಂದು ಆ ಹೆಸರು. ಜೇಮ್ಸ್‌ನದು ಅದರ ತಿರುಗುಮುರುಗು: ರೂಪದಲ್ಲಿ ಅವನೇ ಮಾಡಿದ್ದು, ಅರ್ಥದಲ್ಲಿ ಅವನಿಗೆ ಮಾಡಿದ್ದು.

ಈ ಅಭ್ಯಾಸ ಹಡಗು ಹತ್ತಿ ನಮ್ಮ ಕಡೆಗೂ ಬಂತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು 1831ರಲ್ಲಿ ಇಳಿಸಿದೆವು ಎಂದು ಕಂಪನಿಯವರು ಹೇಳಲಿಲ್ಲ. ಆಡಳಿತವನ್ನು ‘ವಹಿಸಿಕೊಂಡರು’, ದೊರೆಗೆ ಪದವಿ, ಅರಮನೆ ಉಳಿದವು. ಆ ವಹಿಸಿಕೊಳ್ಳುವಿಕೆ 50 ವರ್ಷ ನಡೆಯಿತು. ಕೊಡಗಿನಲ್ಲಿ ಅಷ್ಟು ನಾಜೂಕು ಇರಲಿಲ್ಲ. 1834ರ ಮಾರ್ಚ್‌ನಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಯುದ್ಧಘೋಷಣೆಯ ಪ್ರಕಾರ, ಚಿಕ್ಕವೀರರಾಜೇಂದ್ರನನ್ನು ಇನ್ನು ಕೊಡಗಿನ ರಾಜನೆಂದು ಪರಿಗಣಿಸತಕ್ಕದ್ದಲ್ಲ. ಪರಿಗಣಿಸತಕ್ಕದ್ದಲ್ಲ, ಯಾರು? ವಾಕ್ಯ ಹೇಳುವುದಿಲ್ಲ. ಏಪ್ರಿಲ್‌ನಲ್ಲಿ ಮಡಿಕೇರಿ ಬಿತ್ತು. ಮೇ 7ರ ಘೋಷಣೆಯಲ್ಲಿ ಕರ್ತೃ ಸಿಕ್ಕಿದ: ಕಂಪನಿಯ ಆಶ್ರಯಕ್ಕೆ ಬರಬೇಕೆಂಬುದು ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಂತೆ.

ರಾಜನನ್ನು ಕಾಶಿಗೆ ಕಳಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ. ಅವಳ ದೀಕ್ಷಾಸ್ನಾನಕ್ಕೆ ಸ್ವತಃ ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ನಿಂತಳು. ಅಪ್ಪನಿಗೆ ಬೇರೊಂದು ಕೆಲಸವಿತ್ತು. ಕಂಪನಿಗೆ ಸಾಲವಾಗಿ ಕೊಟ್ಟ ಹಣದ ಪತ್ರಗಳು ಅವನ ಬಳಿ ಇದ್ದವು. ಯುದ್ಧದಲ್ಲಿ ಅವೂ ಕಂಪನಿಯ ವಶವಾಗಿದ್ದವು. ಆ ಹಣಕ್ಕಾಗಿ, ಅಂದರೆ ತನ್ನ ಇಡುಗಂಟಿಗಾಗಿ, ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಿದ. ಕಿತ್ತುಕೊಂಡದ್ದು ರಾಜ್ಯಾಧಿಕಾರದ ಕೃತ್ಯ, ಅದನ್ನು ನ್ಯಾಯಾಲಯ ಪ್ರಶ್ನಿಸಲಾಗದು ಎಂದು ದಾವೆ ವಜಾ ಆಯಿತು.

1860ರ ಆ ಪ್ರಕರಣ ಇಂಗ್ಲಿಷ್ ಕಾನೂನು ವರದಿಗಳಲ್ಲಿದೆ. ಅದರ ಹೆಸರು ‘ಕೊಡಗಿನ ಮಾಜಿ ರಾಜ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ’. ವಾದಿ ಹಿಂದಿನ ವರ್ಷವೇ ಲಂಡನ್ನಿನಲ್ಲಿ ತೀರಿಕೊಂಡಿದ್ದ. ಪ್ರತಿವಾದಿಯ ಕೈಯಿಂದ ಭಾರತದ ಆಡಳಿತವನ್ನು ಪಾರ್ಲಿಮೆಂಟು 1858ರಲ್ಲೇ ತೆಗೆದುಕೊಂಡಿತ್ತು.